ಎರಡು ದಿನ ಬರದ ಹುಡುಗಿಯನ್ನು ಕೇಳೋರು ಯಾರು?

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಬಸ್ಸಿನಲ್ಲೋ ಮೆಟ್ರೋದಲ್ಲೋ ಕೂತಿದ್ದರೆ ಮನಸ್ಸಿನಲ್ಲೇ ಹಾಕಿ ನೋಡಿ.

2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಮಗು. ಮಾರ್ಚ್‌ನಲ್ಲೇ ಶಾಲೆಗಳಿಗೆ ಬೀಗ ಬಿದ್ದಿತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಬೀಗ ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಆ ಮಗು ಶಾಲೆಯ ಚಾಪೆ ಮೇಲೆ ಮೊದಲ ಸಲ ಕೂತಾಗ ಅದು ಎರಡನೇ ಕ್ಲಾಸಿನಲ್ಲಿತ್ತು, ಅದೂ ಅರ್ಧ ವರ್ಷ ಕಳೆದ ಮೇಲೆ. ಒಂದನೇ ಕ್ಲಾಸನ್ನು ಅದು ನೋಡಲೇ ಇಲ್ಲ. ಆದರೆ ಪಾಸಾಗಿತ್ತು.

ನಮ್ಮ ಅಣ್ಣನ ಮಗ ಆ ಬ್ಯಾಚಿನವನು. ಊರು ಐನಾಪುರ. (ಕಾಗವಾಡದ ಕಡೆಯ ಐನಾಪುರ ಅಲ್ಲ. ಬೆಂಗಳೂರಿನಲ್ಲಿ ಹೆಸರು ಹೇಳಿದ ಕೂಡಲೇ ಎಲ್ಲರೂ ಅತ್ತಲೇ ಕೈ ತೋರಿಸ್ತಾರೆ. ನಮ್ಮದು ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು.) ತೊಗರಿ, ಹೆಸರು, ಉದ್ದು ಬೆಳೆಯುವ ಸೀಮೆ. ಮಳೆ ಸರಿ ಆಗದಿದ್ದರೆ ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಯಾಕ ಹೋಗುವ ಸೀಮೆಯೂ ಹೌದು. 2020ರ ಬೇಸಿಗೆಯಲ್ಲಿ ಹಾಗೆ ಹೋದವರೆಲ್ಲ ವಾಪಸ್ ಬಂದರು. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚ್‌ನಲ್ಲಿ ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ. ಹಾಗಾಗಿ ಹೆದರಿಕೆ ನಮ್ಮಲ್ಲಿಗೆ ಬೇರೆಯವರಿಗಿಂತ ಒಂದು ಹೆಜ್ಜೆ ಮುಂಚೆಯೇ ಬಂದಿತ್ತು.

ನಾನೂ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಹೋದೆ. ಪಡಸಾಲೆಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ, ಮಾಳಿಗೆ ಮೇಲೆ ಸಿಗ್ತದೆ. ಮಾಳಿಗೆ ಮೇಲೆ ಕೂತರೆ ಮೀಟಿಂಗಿನ ಜೊತೆಗೆ ಇಡೀ ಓಣಿ ಕಾಣಿಸ್ತದೆ. ಆ ಆರೇಳು ತಿಂಗಳಲ್ಲಿ ನಾನು ಕಂಡದ್ದು ಶಾಲೆ ಇಲ್ಲದ ಊರು ಹೇಗಿರ್ತದೆ ಅನ್ನೋದನ್ನು. ಮೊದಲ ತಿಂಗಳು ಮಕ್ಕಳಿಗೆ ಹಬ್ಬ. ಎರಡನೇ ತಿಂಗಳು ಜಗಳ. ಆಮೇಲೆ ನಿಧಾನಕ್ಕೆ ಓಣಿಯಲ್ಲಿ ಮಕ್ಕಳ ಸದ್ದು ಕಡಿಮೆ ಆಯ್ತು. ದೊಡ್ಡ ಹುಡುಗರು ಹೊಲಕ್ಕೆ, ಹುಡುಗಿಯರು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆ ಒಳಗೆ. ಸಣ್ಣವರು ಯಾರದೋ ಫೋನಿನ ಸುತ್ತ.

ಟಿವಿಯಲ್ಲಿ ಪಾಠ ಬರ್ತಿತ್ತು. ಚಂದನದಲ್ಲಿ ಸೇತುಬಂಧ, ಆಮೇಲೆ ಸಂವೇದ. ಪಾಠ ಚೆನ್ನಾಗಿಯೇ ಇದ್ದವು. ಆದರೆ ಕರೆಂಟು ಹೋದಾಗ ಟಿವಿ ಕಾಯೋದಿಲ್ಲ, ‘ತಿಳೀತಾ?’ ಅಂತ ಕೇಳೋದೂ ಇಲ್ಲ. ನಮ್ಮ ವೈನಿ ಒಂದು ದಿನ ಹೇಳಿದ್ದು: “ಮಗ ಫೋನ್‌ದಾಗ ಓದ್ಲಾಕತ್ಯಾನ ಅಂತ ಖುಷಿಲೇ ಇದ್ನೆಪ್ಪ ನಾ. ಹಿಂದ ಹೋಗಿ ನೋಡಿದ್ರ ಗೇಮ್ ಆಡ್ಲಾಕತ್ತಿದ್ದ.”

ಆ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯ್ತು. ನಿಮ್ಮಲ್ಲಿ ಹಲವರಿಗೆ ಈ ಹೆಸರು ನೆನಪಿರಲಿಕ್ಕಿಲ್ಲ, ನಗರದ ಖಾಸಗಿ ಶಾಲೆಗಳಿಗೆ ಅದು ಸಂಬಂಧಿಸಿರಲಿಲ್ಲ. ಸರಳವಾಗಿ ಹೇಳಬೇಕಂದ್ರೆ, ಮಕ್ಕಳು ಶಾಲೆಗೆ ಬರುವಂತಿಲ್ಲ, ಹಾಗಾದ್ರೆ ಶಾಲೆಯೇ ಮಕ್ಕಳ ಹತ್ತಿರ ಹೋಗಲಿ ಅನ್ನೋ ಯೋಜನೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಮೂರು ಗುಂಪು ಮಾಡಿದ್ರು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇರೋರು, ಬರೀ ಸಾದಾ ಫೋನ್ ಇರೋರು, ಯಾವ ಫೋನೂ ಇಲ್ಲದವರು. ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳ ಜವಾಬ್ದಾರಿ. ಪಾಠ ನಡೆದದ್ದು ಗುಡಿ ಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು, ಯಾರದೋ ಮನೆ ಅಂಗಳ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ.

ಪಾಠದ ಮಟ್ಟ ಹೇಗಿತ್ತು ಅಂತ ಕೇಳಿದ್ರೆ, ಅಷ್ಟಕ್ಕಷ್ಟೇ. ಮೈಕ್ ಇಲ್ಲ, ಬೋರ್ಡ್ ಇಲ್ಲ, ಟ್ರ್ಯಾಕ್ಟರ್ ಬಂದ್ರೆ ಎಲ್ಲ ನಿಲ್ಲಬೇಕು. ಆದರೆ ಆ ಕಟ್ಟೆಯ ಮೇಲೆ ಇನ್ನೊಂದು ಕೆಲಸ ನಡೀತಿತ್ತು, ಅದನ್ನು ಯಾವ ಸುತ್ತೋಲೆಯಲ್ಲೂ ಯಾರೂ ಬರೆದಿರಲಿಕ್ಕಿಲ್ಲ. ಶಿಕ್ಷಕಿ ಬಂದು ಕೂತ ಕೂಡಲೇ ಪುಸ್ತಕ ತೆಗೆಸುತ್ತಿರಲಿಲ್ಲ. “ಏನ್ ಉಂಡ್ ಬಂದ್ರಿ?” ಅಂತ ಕೇಳೋರು. ಒಬ್ಬೊಬ್ಬರೂ ಹೇಳಬೇಕು. ಯಾರು ಚಹಾ ಬಿಸ್ಕೀಟ್ ಅಂದ್ರು, ಯಾರು ಸುಮ್ಮನೆ ತಲೆ ತಗ್ಗಿಸಿದ್ರು, ಎಲ್ಲ ಅವರ ಕಣ್ಣಿಗೆ ಬೀಳ್ತಿತ್ತು. ಬಿಸಿಯೂಟ ನಿಂತು ಅದರ ಬದಲಿಗೆ ಅಕ್ಕಿ ಬೇಳೆ ಮನೆಗೆ ಕೊಡ್ತಿದ್ದ ಕಾಲ. ಮನೆಗೆ ಬಂದ ಅಕ್ಕಿ ಮನೆಯವರೆಲ್ಲರದ್ದು, ಶಾಲೆಯ ತಟ್ಟೆಗೆ ಬಿದ್ದ ಅನ್ನ ಮಾತ್ರ ಆ ಮಗುವಿನದ್ದು. ಈ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಆಗಲೇ ನಡೆದ ಒಂದು ಸಂಗತಿ ಹೇಳಬೇಕು. ಊರಿನ ಹೆಸರು ಬೇಡ, ನಮ್ಮ ಸುತ್ತಲಿನದೇ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ದಿನ ಕಟ್ಟೆಗೆ ಬರಲಿಲ್ಲ. ಮೂರನೇ ದಿನ ಮೇಷ್ಟ್ರು ಉಳಿದ ಹುಡುಗಿಯರನ್ನು ಕೇಳಿದ್ರು. “ಹೆಸರು ಬಿಡಿಸ್ಲಾಕ ಹೋಗ್ಯಾಳ್ರಿ ಸರ” ಅಂದಳು ಒಬ್ಬಳು. ಇನ್ನೊಬ್ಬಳು ಏನೂ ಹೇಳದೆ ನೆಲ ನೋಡಿದಳು. ಮೇಷ್ಟ್ರು ಪಾಠ ಬಿಟ್ಟು ಎದ್ದು ಹೋದ್ರು. ಮನೆಯಲ್ಲಿ ಹೆಸರು ಬಿಡಿಸೋ ಮಾತಲ್ಲ, ಮದುವೆ ಮಾತು ನಡೀತಿತ್ತು. ತಂದೆ ಪುಣೆಯಲ್ಲಿ ಕೆಲಸ ಕಳೆದುಕೊಂಡು ಬಂದಿದ್ದ. ಲಾಕ್‌ಡೌನ್‌ನಲ್ಲಿ ಮದುವೆ ಅಂದ್ರೆ ಐವತ್ತು ಜನಕ್ಕೆ ಮುಗೀತದೆ, ಖರ್ಚಿಲ್ಲ. ಹುಡುಗನ ಕಡೆಯವರೂ ಕೈ ಹಿಡಿದು ಕೇಳ್ತಿದ್ರು. ಆ ತಂದೆಯನ್ನು ರಾಕ್ಷಸ ಅಂತ ನಾನು ಬರೆಯೋದಿಲ್ಲ. ಅವನ ಲೆಕ್ಕ ಅವನಿಗೆ ಸರಿಯಾಗಿಯೇ ಕಾಣಿಸಿತ್ತು.

ಮೇಷ್ಟ್ರು ಕಾನೂನು ಹೇಳಲಿಲ್ಲ, ಕನಿಷ್ಠ ಮೊದಲ ದಿನ. ಎಸ್‌ಡಿಎಂಸಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನು, ಆಶಾ ಕಾರ್ಯಕರ್ತೆಯನ್ನು, ಆ ಹುಡುಗಿಯ ಸೋದರತ್ತೆಯನ್ನು ಒಟ್ಟಿಗೆ ಕೂರಿಸಿದ್ರು. ನಾಲ್ಕು ಸಲ ಆ ಮನೆಗೆ ಹೋದ್ರು. ಕೊನೆಗೆ “1098ಕ್ಕೆ ಯಾರಾದ್ರೂ ಫೋನ್ ಮಾಡಿದ್ರ ನನ್ನ ಕೈಯಾಗ ಇರಂಗಿಲ್ಲಪಾ” ಅನ್ನೋ ಮಾತೂ ಬಂತಂತೆ. ಮದುವೆ ಮಾತು ನಿಂತಿತು. ಹುಡುಗಿ ಮರುದಿನ ಕಟ್ಟೆಗೆ ಬಂದಳು, ಹೆಸರು ಬಿಡಿಸಲು ಹೋಗಿದ್ದೆ ಅಂತಲೇ ಎಲ್ಲರಿಗೂ ಹೇಳಿದಳು. ಯಾರೂ ಅದನ್ನು ತಿದ್ದಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಅವಳು ಆನ್‌ಲೈನ್ ಕ್ಲಾಸಿಗೆ ಎರಡು ದಿನ ಬರದಿದ್ದರೆ ಯಾರಿಗೆ ಗೊತ್ತಾಗ್ತಿತ್ತು? ಲಾಗಿನ್ ಆಗಲಿಲ್ಲ, ನೆಟ್‌ವರ್ಕ್ ಇಲ್ಲ ಅಂದುಕೊಳ್ತಿದ್ವಿ. ಹಾಜರಿ ಅನ್ನೋದು ಶಾಲೆಯ ಅತ್ಯಂತ ಬೇಜಾರಿನ ಕೆಲಸ ಅಂತ ನಾವು ತಿಳಿದಿದ್ದೆವು. ಒಂದು ಮಗು ಕಾಣಿಸಲಿಲ್ಲ ಅಂದ್ರೆ ಪ್ರತಿದಿನ ಕೇಳೋ ಮನೆ ಹೊರಗಿನ ಒಬ್ಬ ವ್ಯಕ್ತಿ, ಹಳ್ಳಿಯಲ್ಲಿ ಮೇಷ್ಟ್ರು ಬಿಟ್ರೆ ಇನ್ಯಾರೂ ಇಲ್ಲ.

ವಿದ್ಯಾಗಮ ಹೆಚ್ಚು ದಿನ ನಡೆಯಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದವು, ಅಕ್ಟೋಬರ್‌ನಲ್ಲಿ ಸರ್ಕಾರ ನಿಲ್ಲಿಸಿತು. ಆ ಹೆದರಿಕೆ ಸುಳ್ಳಲ್ಲ, ಗುಡಿ ಕಟ್ಟೆ ಏರಿದ ಎಷ್ಟೋ ಶಿಕ್ಷಕರು ತಮ್ಮ ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು ಬಂದಿದ್ದರು. 2021ರ ಜನವರಿ 1ರಿಂದ ಆರರಿಂದ ಒಂಬತ್ತನೇ ಕ್ಲಾಸಿನವರಿಗೆ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯ್ತು. ಆಮೇಲೆ ಎರಡನೇ ಅಲೆ. ಅದರ ಬಗ್ಗೆ ನಾನು ಬರೆಯಬೇಕಿಲ್ಲ.

ನಷ್ಟ ಎಷ್ಟಾಯ್ತು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ನೋಡಿದ್ರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ರು, ಗಣಿತದಲ್ಲಿ 82 ಮಕ್ಕಳು. ಹೊಸದು ಕಲಿಯದೆ ಹೋದದ್ದು ಬೇರೆ, ಇದು ಬರುತ್ತಿದ್ದುದೇ ಮರೆತು ಹೋದ ಲೆಕ್ಕ.

ಈಗ ‘ಎಲ್ಲ ಸರಿ ಹೋಯ್ತಲ್ಲ’ ಅನ್ನೋರು ಇದ್ದಾರೆ. ಅವರ ಕೈಯಲ್ಲೂ ಅಂಕಿ ಇದೆ. ಅಸರ್ ಸಮೀಕ್ಷೆ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ಶೇ 20.9, 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಒಳ್ಳೆಯ ಸುದ್ದಿಯೇ. ಆದರೆ ಸ್ವಲ್ಪ ನಿಂತು ನೋಡಿ. 2024ರಲ್ಲಿ ಮೂರನೇ ಕ್ಲಾಸಿನಲ್ಲಿದ್ದ ಮಗು ಒಂದನೇ ಕ್ಲಾಸಿಗೆ ಸೇರಿದ್ದು 2022ರಲ್ಲಿ. ಅದರ ಶಾಲೆ ಒಂದು ದಿನವೂ ಆ ರೀತಿ ಮುಚ್ಚಿರಲಿಲ್ಲ. ನಿಜಕ್ಕೂ ಕಳೆದುಕೊಂಡವರು ಅಷ್ಟೊತ್ತಿಗೆ ಮೇಲಿನ ಕ್ಲಾಸುಗಳಿಗೆ ಹೋಗಿಬಿಟ್ಟಿದ್ರು, ಮೂರನೇ ಕ್ಲಾಸಿನ ಅಂಕಿಯಲ್ಲಿ ಅವರು ಸಿಗೋದಿಲ್ಲ. ಅವರೆಲ್ಲಿ ಸಿಗ್ತಾರೆ? 2025ರ ಎಸ್ಸೆಸ್ಸೆಲ್ಸಿ ಬರೆದವರು 2020ರಲ್ಲಿ ಆರನೇ ಕ್ಲಾಸಿನವರು. ಆ ವರ್ಷದ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟೋಕೆ ಆಗೋದಿಲ್ಲ, ನಾವು ಅದಕ್ಕಿಂತ ಮೊದಲೂ ಪಟ್ಟಿಯ ಕೆಳಗಡೆಯೇ ಇದ್ದವರು. ಆದರೆ ಮೊದಲೇ ಸೋರುವ ಮಾಳಿಗೆ ಮೇಲೆ ಜೋರು ಮಳೆ ಬಂದ ಹಾಗಾಯ್ತು.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 2022ರಲ್ಲಿ ಎರಡು ವಾರ ಮುಂಚೆಯೇ, ಮೇ 16ಕ್ಕೆ ಶಾಲೆ ತೆರೆದು, ಇಡೀ ವರ್ಷವನ್ನು ‘ಕಲಿಕಾ ಚೇತರಿಕೆ’ ಅಂತ ಕರೆದ್ರು. ಮೊದಲ ಎರಡು ವಾರ ‘ಮಳೆಬಿಲ್ಲು’: ಆಟ, ಹಾಡು, ಮಣ್ಣಿನ ಕೆಲಸ, ಕಥೆ. ಪುಸ್ತಕ ಮುಟ್ಟೋ ಮೊದಲು ಮಕ್ಕಳು ಮತ್ತೆ ಒಟ್ಟಿಗೆ ಕೂರೋದು ಕಲೀಲಿ ಅನ್ನೋ ಯೋಚನೆ. ಆಗ ಕೆಲವರು ‘ಇದೇನು ಟೈಮ್‌ಪಾಸ್’ ಅಂದಿದ್ದು ನೆನಪಿದೆ. ನನ್ನ ಪ್ರಕಾರ ಆ ವರ್ಷದ ಅತ್ಯಂತ ಬುದ್ಧಿವಂತ ನಿರ್ಧಾರ ಅದೇ. ಅಣ್ಣನ ಮಗ ಆ ಎರಡು ವಾರದಲ್ಲಿ ಮಾತಾಡೋಕೆ ಶುರು ಮಾಡಿದ. ಅದಕ್ಕೂ ಮುಂಚೆ ಮನೆಗೆ ಯಾರಾದ್ರೂ ಬಂದ್ರೆ ಕೋಣೆ ಒಳಗೆ ಹೋಗಿ ಕೂರ್ತಿದ್ದ.

ಮೊಟ್ಟೆಯ ಕಥೆ ನಿಮಗೆ ಗೊತ್ತಿರಬಹುದು. 2021ರ ಡಿಸೆಂಬರ್‌ನಿಂದ ನಮ್ಮ ಕಲಬುರಗಿ ಸೇರಿ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು. ಗಲಾಟೆಯೂ ಆಯ್ತು. ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದಾಗ ಯಾದಗಿರಿಯವರ ತೂಕ ಹೆಚ್ಚಾಗಿದ್ದು ಕಂಡಮೇಲೆ ಅದು ಇಡೀ ರಾಜ್ಯಕ್ಕೆ ಹೋಯ್ತು. ಹಸಿದ ಮಗುವಿಗೆ ಕಾಗುಣಿತ ಹತ್ತೋದಿಲ್ಲ ಅನ್ನೋದಕ್ಕೆ ಅಧ್ಯಯನ ಬೇಕಿರಲಿಲ್ಲ, ಆದ್ರೂ ಇರಲಿ.

ಅಮೆರಿಕದಲ್ಲಿ ಇದಕ್ಕೆ ‘ಕಮ್ಯುನಿಟಿ ಸ್ಕೂಲ್’ ಅಂತ ಹೆಸರು. ಶಾಲೆಯಲ್ಲೇ ಊಟ, ವೈದ್ಯರು, ಆಪ್ತಸಮಾಲೋಚಕರು, ಸಂಜೆ ಓದಿನ ಕೋಣೆ, ಅಪ್ಪ ಅಮ್ಮಂದಿರಿಗೂ ಜಾಗ. ಕೋವಿಡ್ ಆದಮೇಲೆ ಕ್ಯಾಲಿಫೋರ್ನಿಯಾ ರಾಜ್ಯ ಒಂದೇ ಸುಮಾರು 300 ಕೋಟಿ ಡಾಲರ್ ತೆಗೆದಿಟ್ಟಿತು. ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ಆದರೆ ಕಟ್ಟೋಕೆ ಬೇಕಾದ ಕಂಬಗಳು ಆಗಲೇ ಇವೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪಾಲಕರ ಎಸ್‌ಡಿಎಂಸಿ ಇದೆ. ಬಿಸಿಯೂಟ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಂತ ಮಾಡಿ ಅದಕ್ಕೆ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ರು, ಈಗ ಅದನ್ನು ಅರಿವು ಕೇಂದ್ರ ಅಂತಾರೆ. ಆಶಾ, ಅಂಗನವಾಡಿ ಇವೆ. ಇಲ್ಲದಿರೋದು ಇವನ್ನೆಲ್ಲ ಒಂದೇ ಮಗುವಿನ ಸುತ್ತ ಜೋಡಿಸೋ ಕೈ. ವಿದ್ಯಾಗಮದ ಎರಡು ತಿಂಗಳು ಆ ಕೈ ಮೇಷ್ಟ್ರದ್ದಾಗಿತ್ತು, ಶಾಲೆ ತೆರೆದ ಮೇಲೆ ಅವರು ಮತ್ತೆ ಡೇಟಾ ಎಂಟ್ರಿಗೆ, ಸಮೀಕ್ಷೆಗೆ, ಚುನಾವಣೆ ಕೆಲಸಕ್ಕೆ ಹೋದ್ರು.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ಊರ ಕಡೆಯವರು, ಹೊರಗೆ ಕೆಲಸ ಮಾಡೋರು, ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೀವಿ. ಬೆಂಗಳೂರು, ಹೈದರಾಬಾದ್, ಪುಣೆ, ಇಬ್ಬರು ದುಬೈ. ಶಾಲೆಗೆ ಏನಾದ್ರೂ ಮಾಡಬೇಕು ಅಂತ ದುಡ್ಡು ಕೂಡಿಸಿದ್ದೀವಿ. ಬಹುಮತ ಸ್ಮಾರ್ಟ್ ಟಿವಿ ಕಡೆಗಿದೆ. ಗೋಡೆಗೆ ಬಣ್ಣ ಅನ್ನೋರೂ ಇದ್ದಾರೆ. ಎರಡೂ ಫೋಟೋಗೆ ಚೆನ್ನಾಗಿ ಬರ್ತಾವೆ, ಒಪ್ಪಿಕೊಳ್ತೀನಿ.

ಅಲ್ಲಿನ ಶಿಕ್ಷಕರೊಬ್ಬರಿಗೆ ಫೋನ್ ಮಾಡಿ ಕೇಳಿದೆ, ನಿಮಗೇನು ಬೇಕ್ರಿ ಸರ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: “ಟಿವಿ ಒಂದ್ ಅದರಿ. ರಿಮೋಟ್ ಸಿಗವಲ್ದು, ಅದು ಬ್ಯಾರೆ ಮಾತು. ಏಳನೇ ಕ್ಲಾಸಿನಾಗ ಹತ್ತು ಹುಡುಗರು ಹೆಸರು ಬಿಟ್ರ ಮತ್ತೇನು ಬರಿಯಂಗಿಲ್ಲ. ಅವರಿಗೆ ನಾಚಿಕಿ. ಸಣ್ಣವರ ಜೋಡಿ ಕೂಡಂಗಿಲ್ಲ, ತಮ್ಮ ಕ್ಲಾಸಿನಾಗ ತಿಳಿಯಂಗಿಲ್ಲ. ಸಂಜಿ ಹೊತ್ತಿಗಿ ಯಾರರೆ ಒಬ್ಬರು ಅವರ ಜೋಡಿ ಕೂತ್ರ ಸಾಕಾಗ್ಯಾದರಿ.”

ನಾಚಿಕೆ ಅನ್ನೋ ಪದ ಯಾವ ಸಮೀಕ್ಷೆಯಲ್ಲೂ ನಾನು ಓದಿರಲಿಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗ, ಮೀಸೆ ಚಿಗುರೋ ಹೊತ್ತು, ಒತ್ತಕ್ಷರ ಬರೋದಿಲ್ಲ ಅಂತ ಎಲ್ಲರೆದುರು ಗೊತ್ತಾಗಬಾರದು ಅಂತ ಹಿಂದಿನ ಸಾಲಿನಲ್ಲಿ ಕೂತು ತುಂಟಾಟ ಮಾಡ್ತಾನೆ. ನಾವು ಅದನ್ನು ಶಿಸ್ತಿಲ್ಲ ಅಂತೀವಿ. ಆಮೇಲೆ ಒಂದು ದಿನ ಅವನು ಬರೋದನ್ನೇ ಬಿಡ್ತಾನೆ, ಕೂಲಿಗೆ ಹೋಗ್ತಾನೆ, ‘ಅವನಿಗೆ ಓದೋ ಆಸಕ್ತಿ ಇರಲಿಲ್ಲ’ ಅಂತೀವಿ. ಕಲಿಕೆ, ಮನಸ್ಸು ಅಂತ ಎರಡು ಬೇರೆ ಇಲಾಖೆ ಮಾಡಿ ಇಟ್ಟುಕೊಂಡಿರೋದು ನಾವು. ಆ ಹುಡುಗನ ಒಳಗೆ ಎರಡೂ ಒಂದೇ ಗಂಟು.

ಹಾಗಾಗಿ ಗ್ರೂಪಿನಲ್ಲಿ ನಾನು ಇಟ್ಟ ಮಾತು ಹೀಗಿದೆ. ಕೂಡಿದ ದುಡ್ಡಿನಲ್ಲಿ ಊರಿನದೇ ಒಬ್ಬಳು ಡಿಗ್ರಿ ಮುಗಿಸಿದ ಹುಡುಗಿಗೆ ತಿಂಗಳ ಸಂಬಳ ಕೊಟ್ಟು, ಸಂಜೆ ಎರಡು ತಾಸು ಅರಿವು ಕೇಂದ್ರದಲ್ಲೋ ಶಾಲೆಯ ಪಡಸಾಲೆಯಲ್ಲೋ ಕೂರಿಸೋಣ. ಎಸ್‌ಡಿಎಂಸಿ ಮತ್ತು ಹೆಡ್ ಮಾಸ್ತರ ಒಪ್ಪಿಗೆ ಪತ್ರ ಇಟ್ಟುಕೊಂಡೇ. ಮಕ್ಕಳನ್ನು ಕ್ಲಾಸಿನ ಪ್ರಕಾರ ಅಲ್ಲ, ಯಾರಿಗೆ ಎಲ್ಲಿವರೆಗೆ ಓದೋಕೆ ಬರ್ತದೆ ಅನ್ನೋದರ ಪ್ರಕಾರ ಕೂರಿಸಬೇಕು. ‘ಓದು ಕರ್ನಾಟಕ’ದಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಮಾಡಿದ್ದು ಇದನ್ನೇ, ಆದರೆ ದೊಡ್ಡವರಿಗೆ ಬೇರೆ ಹೊತ್ತು ಇಡಬೇಕು, ನಾಚಿಕೆಯ ಕಾರಣಕ್ಕೆ. ಓದೋಕೆ ಕೊಡೋದು ಒಂದನೇ ಕ್ಲಾಸಿನ ಪುಸ್ತಕ ಆಗಬಾರದು. ಕ್ರಿಕೆಟ್ ಸುದ್ದಿ ಇರಲಿ, ಟ್ರ್ಯಾಕ್ಟರ್ ಜಾಹೀರಾತು ಇರಲಿ. ಜೊತೆಗೆ ಒಂದು ನೋಟ್‌ಬುಕ್, ಯಾರು ಎರಡು ದಿನ ಬರಲಿಲ್ಲ ಅಂತ ಬರೆಯೋದಕ್ಕೆ. ಬರೆದರೆ ಸಾಲದು, ಮೂರನೇ ದಿನ ಅವರ ಮನೆಗೆ ಹೋಗಬೇಕು. ತಾಯಂದಿರು ಒಬ್ಬರೋ ಇಬ್ಬರೋ ಸರದಿ ಮೇಲೆ ಅಲ್ಲೇ ಕೂರಬೇಕು, ಮಕ್ಕಳ ಸುರಕ್ಷತೆಗೂ ಅದು ಬೇಕು. ಗೋಡೆ ಮೇಲೆ ಎರಡು ನಂಬರು ದೊಡ್ಡದಾಗಿ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416. ಎರಡನೆಯದು ಕನ್ನಡದಲ್ಲೂ ಸಿಗ್ತದೆ, ದುಡ್ಡಿಲ್ಲ. ನಿಮ್ಮ ಫೋನಿನಲ್ಲೂ ಸೇವ್ ಮಾಡಿಟ್ಟುಕೊಳ್ಳಿ, ಮಕ್ಕಳಿಗಷ್ಟೇ ಅಲ್ಲ.

ಆಕ್ಷೇಪಣೆ ಬಂದವು. ‘ಸಂಬಳ ಪ್ರತಿ ತಿಂಗಳು ಕೊಡಬೇಕು, ಟಿವಿ ಒಂದೇ ಸಲ’ ಅಂದ ಒಬ್ಬ. ನಿಜ. ನಿಲ್ಲಿಸಿದ್ರೆ ಮಕ್ಕಳಿಗೆ ಇನ್ನೊಂದು ಸಲ ಶಾಲೆ ಮುಚ್ಚಿದ ಹಾಗೆ. ಅದಕ್ಕೇ ಎರಡು ವರ್ಷದ ದುಡ್ಡು ಬ್ಯಾಂಕಿನಲ್ಲಿ ಇಲ್ಲದೆ ಶುರು ಮಾಡೋದು ಬೇಡ ಅಂತ ಹೇಳಿದ್ದೀನಿ. ‘ಇದು ಸರ್ಕಾರದ ಕೆಲಸ ಅಲ್ವಾ?’ ಅಂದ ಇನ್ನೊಬ್ಬ. ಹೌದು, ಸರ್ಕಾರದ್ದೇ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬಿ ಅಂತ ಕೇಳೋದನ್ನು ನಾವು ನಿಲ್ಲಿಸಬಾರದು, ಸಂಜೆಯ ಹುಡುಗಿ ಖಾಯಂ ಮೇಷ್ಟ್ರಿಗೆ ಬದಲಿ ಅಲ್ಲವೇ ಅಲ್ಲ. ಆದರೆ ಏಳನೇ ಕ್ಲಾಸಿನ ಆ ಹತ್ತು ಹುಡುಗರು ಮುಂದಿನ ಜೂನ್‌ಗೆ ಎಂಟಕ್ಕೆ ಬರ್ತಾರೆ, ನೇಮಕಾತಿ ಆಗಲಿ ಬಿಡಲಿ.

ಭಾನುವಾರ ರಾತ್ರಿ ಒಂಬತ್ತಕ್ಕೆ ಗ್ರೂಪ್ ಕಾಲ್ ಇದೆ. ಈವರೆಗೆ ಹದಿನಾಲ್ಕು ಜನ ತಿಂಗಳಿಗೆ ಐನೂರು ಅಂತ ಹೆಸರು ಕೊಟ್ಟಿದ್ದಾರೆ, ಇನ್ನೂ ಆರು ಜನ ಬೇಕು. ದುಬೈಯವನು ‘ಟಿವಿ ರಿಮೋಟ್ ನಾನು ಕಳಿಸ್ತೀನಿ’ ಅಂದಿದ್ದಾನೆ.